ಜೂಡೊ ವಿದ್ಯೆಯ ಆಚಾರ್ಯ ಜಿಗೊರೊ ಕಾನೊ

ಜೂಡೊ ಎಂಬ ಹೆಸರನ್ನು ಕೇಳದವರು ಈಗ ವಿರಳ. ಶಾಲೆಯ ಬಾಲಕರೂ ಅದನ್ನು ಬಲ್ಲರು. ಆದರೆ ಆ ವಿದ್ಯೆಯನ್ನು ರೂಪಿಸಿದ ಜಿಗೊರೊ ಕಾನೊ ಅವರು ವೃತ್ತಿಯಿಂದ ಮಲ್ಲರಾಗಿರಲಿಲ್ಲ, ಉಪಾಧ್ಯಾಯರಾಗಿದ್ದರು. ಜಪಾನ್ ದೇಶಕ್ಕೆ ಉಪಾಧ್ಯಾಯರನ್ನು ಸಿದ್ಧಪಡಿಸಿಕೊಡುತ್ತಿದ್ದ ಪ್ರಮುಖ ವಿದ್ಯಾಲಯದ ಮುಖ್ಯಸ್ಥಾನದಲ್ಲಿ ಸುಮಾರು ಕಾಲು ಶತಮಾನ ಕುಳಿತಿದ್ದವರು ಎಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಇದನ್ನು ಮರೆತರೆ ಅವರ ಜೂಡೊ ಅರ್ಥವಾಗುವುದು ಕಷ್ಟ.

ಕಾನೊ ಅವರು ಜನಿಸಿದುದು 1860ರಲ್ಲಿ, ಇಂದು ಕೋಬೆ ನಗರದಲ್ಲಿ ಸೇರಿಹೋಗಿರುವ ಮಿಕಾಗೆ ಎಂಬ ಕಡಲತೀರದ ಊರಿನಲ್ಲಿ. ಅಕ್ಕಿಯಿಂದ ಸಾಕೆ ಎಂಬ ಪಾನೀಯವನ್ನು ತಯಾರಿಸುವ ಅನುಕೂಲಸ್ಥ ಮನೆತನ ಅದು. ತಂದೆ ಆ ಮನೆಗೆ ದತ್ತುಬಂದವರು. ಕುಲದ ಉದ್ಯಮವನ್ನು ಬದಿಗಿರಿಸಿ ಸರ್ಕಾರದ ಸೇವೆಯನ್ನು ಹಿಡಿದವರು. ಬಾಲಕನಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡರು. ತಂದೆ ಮಗನನ್ನು ರಾಜಧಾನಿಯಾದ ಟೋಕಿಯೋಗೆ ಕರೆದೊಯ್ದರು. 1868ರ ರಾಜಕೀಯ ಪರಿವರ್ತನೆಯ ತರುವಾಯ ಜಪಾನ್ ಹಳೆಯದನ್ನೆಲ್ಲ ಕಳಚಿ ಪಶ್ಚಿಮದ ವಿದ್ಯೆಯತ್ತ ಧಾವಿಸುತ್ತಿದ್ದ ಕಾಲ ಅದು. ಬಾಲಕನು ಚೀನೀ ಶಾಸ್ತ್ರಗ್ರಂಥಗಳೊಡನೆ ಇಂಗ್ಲಿಷನ್ನೂ ಕಲಿತು, ಹದಿನಾಲ್ಕರ ಸುಮಾರಿಗೆ ಇಂಗ್ಲಿಷಿನಲ್ಲಿಯೇ ಪಾಠ ನಡೆಯುವ ವಸತಿಶಾಲೆಯೊಂದನ್ನು ಸೇರಿದನು.

ಓದಿನಲ್ಲಿ ಆತ ಮುಂದು, ಮೈಯಲ್ಲಿ ಹಿಂದು. ಬೆಳೆದು ನಿಂತ ಮೇಲೂ ಕಾನೊ ಅವರ ಎತ್ತರ ಐದು ಅಡಿ ಎರಡು ಅಂಗುಲದಷ್ಟೇ. ವಸತಿಶಾಲೆಯ ಬಲಿಷ್ಠ ಹುಡುಗರಿಗೆ ಈ ಕೃಶದೇಹಿ ವಿದ್ಯಾರ್ಥಿ ಸುಲಭದ ತುತ್ತಾದನು. ಪೆಟ್ಟು ತಿನ್ನುವುದೂ ಅವಮಾನ ನುಂಗುವುದೂ ನಿತ್ಯದ ಪಾಠವಾಯಿತು. ಅಲ್ಪಬಲನು ಮಹಾಬಲನನ್ನು ಕೆಡವಬಲ್ಲ ಜುಜುತ್ಸು ಎಂಬ ಕಾಳಗದ ಕಲೆಯೊಂದುಂಟೆಂದು ಮನೆಗೆ ಬರುತ್ತಿದ್ದ ಹಿರಿಯರೊಬ್ಬರಿಂದ ಆತ ಕೇಳಿದ್ದನು. ಕಲಿಸಿರೆಂದು ಬೇಡಿದಾಗ ಅವರು ಒಪ್ಪಲಿಲ್ಲ. ಪರಿಚಿತರಾದ ಮತ್ತೊಬ್ಬರೂ ಒಪ್ಪಲಿಲ್ಲ. ತಂದೆಗಂತೂ ಈ ಆಸೆ ಹಿಡಿಸಲೇ ಇಲ್ಲ. ಹೊಸ ಕಾಲಕ್ಕೆ ಹೊಂದುವ ವಿದ್ಯೆಯನ್ನು ಕಲಿಯಬೇಕಾದ ಮಗನು ಬೀದಿಗೆ ಬಿದ್ದ ಹಳೆಯ ಕಲೆಯೊಂದರ ಹಿಂದೆ ಹೋಗುವುದೆಂದರೇನು ಎಂಬುದು ಅವರ ಚಿಂತೆ. ಕೊನೆಗೆ ಮಗನ ಹಟವನ್ನು ಕಂಡು, ಹಿಡಿದ ವಿದ್ಯೆಯನ್ನು ನಡುವೆ ಬಿಡದೆ ಪೂರ್ತಿಯಾಗಿ ಸಾಧಿಸಬೇಕೆಂಬ ಕರಾರಿನ ಮೇಲೆ ಅನುಮತಿಯಿತ್ತರು.

ಬೀದಿಗೆ ಬಿದ್ದ ಕಲೆ ಎಂಬ ತಂದೆಯ ಎಣಿಕೆ ನಿರಾಧಾರವಾದುದಲ್ಲ. ಸಾಮುರಾಯಿಗಳು ತಮ್ಮ ಪದವಿಯನ್ನೂ ವೃತ್ತಿಯನ್ನೂ ಕಳೆದುಕೊಂಡಿದ್ದರು. 1876ರಲ್ಲಿ ಕತ್ತಿ ಧರಿಸುವ ಹಕ್ಕೂ ಹೋಯಿತು. ಜುಜುತ್ಸು ಗುರುಗಳಲ್ಲಿ ಕೆಲವರು ಹೊಟ್ಟೆಪಾಡಿಗಾಗಿ ಹಣ ಪಡೆದು ಪ್ರದರ್ಶನಕ್ಕಿಳಿದರು. ಮತ್ತೆ ಕೆಲವರು ಮೂಳೆ ಕೂಡಿಸುವ ವೈದ್ಯವನ್ನು ಹಿಡಿದರು. ಉಳುಕು ತೆಗೆಯುವ, ಮುರಿದ ಎಲುಬಿಗೆ ಪಟ್ಟು ಹಾಕುವ ಗರಡಿಯ ವಸ್ತಾದರನ್ನು ಕಂಡ ನಮ್ಮ ಕಡೆಯವರಿಗೆ ಇದು ವಿಚಿತ್ರವೆನಿಸದು. 1877ರಲ್ಲಿ ವಿಶ್ವವಿದ್ಯಾನಿಲಯವನ್ನು ಸೇರಿದ ತರುಣ ಕಾನೊ ಈ ಸುಳಿವನ್ನೇ ಹಿಡಿದು, ಟೋಕಿಯೋದ ಬೀದಿಗಳಲ್ಲಿ ಎಲುಬಿನ ವೈದ್ಯರ ಫಲಕಗಳನ್ನು ಹುಡುಕುತ್ತ ಅಲೆದನು. ಅಂತಹ ವೈದ್ಯರೊಬ್ಬರು ದಾರಿ ತೋರಿದ್ದರಿಂದ ಫುಕುದಾ ಹಾಚಿನೊಸುಕೆ ಎಂಬ ಗುರು ದೊರೆತರು.

ಫುಕುದಾ ಅವರು ತೆನ್ಜಿನ್ ಶಿನ್ಯೊ ಎಂಬ ಪಂಥದವರು. ಅವರ ಗರಡಿ ಹತ್ತು ಚಾಪೆಗಳ ಒಂದು ಕೊಠಡಿ, ಶಿಷ್ಯರು ಬೆರಳೆಣಿಕೆಯಷ್ಟು. ಕಲಿಸುವ ಕ್ರಮವೋ ಅತಿ ಸರಳ. ಒಂದು ಪಟ್ಟಿನಲ್ಲಿ ಕೈ ಹೇಗೆ ಹಿಡಿಯಬೇಕು, ಕಾಲು ಎಲ್ಲಿ ಇಡಬೇಕು ಎಂದು ಶಿಷ್ಯನು ಪ್ರಶ್ನಿಸಿದರೆ, ಗುರುಗಳು ಉತ್ತರ ಹೇಳದೆ ಅವನನ್ನು ಎತ್ತಿ ಕೆಡಹುವರು. ಮತ್ತೆ ಕೇಳಿದರೆ ಮತ್ತೆ ಕೆಡಹುವರು. ಬಿದ್ದು ಬಿದ್ದು ತಾನೇ ತಿಳಿಯಬೇಕು. ಮೈತುಂಬ ಗಾಯಗಳಾಗಿ, ಹಚ್ಚಿದ ಮುಲಾಮಿನ ವಾಸನೆಯಿಂದಲೇ ಸಹಪಾಠಿಗಳು ಕಾನೊ ಅವರನ್ನು ಗುರುತಿಸುತ್ತಿದ್ದರಂತೆ. ವಿಶ್ವವಿದ್ಯಾನಿಲಯದಲ್ಲಿ ತರ್ಕವನ್ನೂ ಅರ್ಥಶಾಸ್ತ್ರವನ್ನೂ ಓದುತ್ತಿದ್ದ ಮನಸ್ಸಿಗೆ ಈ ಕ್ರಮ ಸಾಲಲಿಲ್ಲವೆಂಬುದು ಸಹಜ. ಆದರೂ ಗುರುಗಳನ್ನು ಅವರು ಎಂದಿಗೂ ಹಳಿಯಲಿಲ್ಲ. ಸಾಲದುದನ್ನು ತಾವೇ ಹುಡುಕಿಕೊಂಡರು.

ಹುಡುಕಿದ ಬಗೆಗೆ ಒಂದು ನಿದರ್ಶನವುಂಟು. ಅದೇ ಗರಡಿಯಲ್ಲಿ ಫುಕುಶಿಮಾ ಎಂಬ ದೈತ್ಯಕಾಯದ ಹಿರಿಯ ಶಿಷ್ಯನಿದ್ದನು. ಎಷ್ಟು ಹೆಣಗಿದರೂ ಅವನನ್ನು ಅಲುಗಿಸಲಾಗಲಿಲ್ಲ. ಕಾನೊ ಅವರು ಸುಮೊ ಮಲ್ಲರ ವರಸೆಗಳನ್ನು ವಿಚಾರಿಸಿದರು, ಫಲಿಸಲಿಲ್ಲ. ಬಳಿಕ ಗ್ರಂಥಾಲಯಕ್ಕೆ ಹೋಗಿ ಪಶ್ಚಿಮದ ಕುಸ್ತಿಯ ಪುಸ್ತಕಗಳನ್ನು ತಿರುವಿಹಾಕಿದರು. ಎದುರಾಳಿಯ ಕೆಳಗೆ ಬಾಗಿ, ಅವನನ್ನು ಹೆಗಲ ಮೇಲೆ ಅಡ್ಡಲಾಗಿ ಹೊತ್ತು ಕೆಡಹುವ ಪಟ್ಟೊಂದು ಅಲ್ಲಿ ದೊರೆಯಿತು. ಗೆಳೆಯನೊಡನೆ ಅದನ್ನು ಗುಟ್ಟಾಗಿ ಸಾಧನೆಮಾಡಿ ಒಂದು ದಿನ ಫುಕುಶಿಮಾನನ್ನು ಕೆಡವಿಯೇಬಿಟ್ಟರು. ಇಂದಿಗೂ ಜೂಡೊ ವಿದ್ಯಾರ್ಥಿಗಳು ಕಲಿಯುವ ಕತಗುರುಮ ಎಂಬ ಪಟ್ಟು ಇದೇ. ಮಲ್ಲನಾಗಬಯಸಿದವನು ಗ್ರಂಥಾಲಯದ ಕದ ತಟ್ಟಿದ ಪ್ರಸಂಗ ಮಲ್ಲವಿದ್ಯೆಯ ಚರಿತ್ರೆಯಲ್ಲಿ ಹೆಚ್ಚಿಲ್ಲ.

1879ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ ಅವರು ಟೋಕಿಯೋಗೆ ಬಂದಾಗ ಅವರೆದುರು ನಡೆದ ಜುಜುತ್ಸು ಪ್ರದರ್ಶನದಲ್ಲಿ ಕಾನೊ ಅವರೂ ಪಾಲ್ಗೊಂಡರು. ಅದಾದ ಸ್ವಲ್ಪ ದಿನಗಳಲ್ಲಿಯೇ ಫುಕುದಾ ಅವರು ತೀರಿಹೋದರು. ಗುರುಪತ್ನಿ ಪರಂಪರೆಯ ಸುರುಳಿಗ್ರಂಥಗಳನ್ನು ಹದಿನೆಂಟರ ಈ ಶಿಷ್ಯನ ಕೈಗಿತ್ತರು. ಅದೇ ಪಂಥದ ವೃದ್ಧ ಗುರು ಇಸೊ ಅವರನ್ನು ಆಶ್ರಯಿಸಿದರೆ ಅವರೂ 1881ರಲ್ಲಿ ಕಾಲವಶರಾದರು. ಆಗ ಕಿತೊ ಪಂಥದ ಇಕುಬೊ ತ್ಸುನೆತೋಶಿ ಅವರಲ್ಲಿ ಶಿಷ್ಯವೃತ್ತಿ ಆರಂಭವಾಯಿತು. ಹಳೆಯ ಗುರುಗಳು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದರು. ಅವರೊಡನೆ ವಿದ್ಯೆಯೂ ಮಣ್ಣುಗೂಡುವ ಕಾಲ ದೂರವಿರಲಿಲ್ಲ.

1882ರಲ್ಲಿ ಕಾನೊ ಅವರು ಸರದಾರರ ಮಕ್ಕಳು ಓದುತ್ತಿದ್ದ ಗಕುಶುಯಿನ್ ಶಾಲೆಯಲ್ಲಿ ಉಪಾಧ್ಯಾಯರಾದರು. ಅದೇ ವರ್ಷ ಮೇ ತಿಂಗಳಿನಲ್ಲಿ ಟೋಕಿಯೋದ ಏಶೋಜಿ ಎಂಬ ಬೌದ್ಧ ದೇವಾಲಯದ ಕೊಠಡಿಗಳನ್ನು ಬಾಡಿಗೆಗೆ ಹಿಡಿದು ತಮ್ಮದೇ ಗರಡಿಯನ್ನು ತೆರೆದರು. ಆಗ ಅವರ ವಯಸ್ಸು ಇಪ್ಪತ್ತೊಂದು, ಶಿಷ್ಯರು ಒಂಬತ್ತು ಮಂದಿ, ಚಾಪೆಗಳು ಹನ್ನೆರಡು. ಶಿಷ್ಯರು ಬಿದ್ದಾಗಲೆಲ್ಲ ನೆಲ ನಡುಗಿ, ಪಕ್ಕದಲ್ಲಿದ್ದ ಪಿತೃಗಳ ಸ್ಮಾರಕಫಲಕಗಳು ಉರುಳುತ್ತಿದ್ದವು. ದೇವಾಲಯದ ಯತಿಗಳು ಬೇಸರಗೊಂಡುದರಲ್ಲಿ ತಪ್ಪೇನೂ ಇಲ್ಲ. ರಾತ್ರಿಯ ವೇಳೆ ಗುರುಗಳೇ ದೀಪ ಹಿಡಿದು ನೆಲಹಾಸಿನ ಹಲಗೆಗಳ ಕೆಳಗೆ ತೂರಿ, ಮುರಿದ ಆಧಾರದ ಮರಗಳನ್ನು ಸರಿಪಡಿಸುತ್ತಿದ್ದರು. ಉಪಾಧ್ಯಾಯರ ಸಂಬಳ ಸಾಲದೆ ಭಾಷಾಂತರದ ಕೆಲಸ ಮಾಡಿ ಗರಡಿಯ ವೆಚ್ಚವನ್ನು ತೂಗಿಸಿದರು. ಸಂಸ್ಥೆಗಳು ಹುಟ್ಟುವ ರೀತಿಯನ್ನು ಬಲ್ಲವರಿಗೆ ಈ ದೀಪದ ಬೆಳಕು ಪರಿಚಿತವಾದುದೇ.

ಗರಡಿಗೆ ಕೊಡೊಕಾನ್ ಎಂದು ಹೆಸರಿಟ್ಟರು. ಮಾರ್ಗವನ್ನು ಅಭ್ಯಸಿಸುವ ಮಂದಿರವೆಂದು ಅದರ ಅರ್ಥ. ಜುಜುತ್ಸು ಎಂಬಲ್ಲಿನ ಕೌಶಲವಾಚಿಯಾದ ಕೊನೆಯ ಪದವನ್ನು ತೆಗೆದು, ಮಾರ್ಗವೆಂಬರ್ಥದ ಪದವನ್ನಿರಿಸಿ ಜೂಡೊ ಎಂದರು. ಹೆಸರಿನ ಬದಲಾವಣೆ ಬರಿಯ ಅಲಂಕಾರವಲ್ಲ. ಕೈಕಾಲು ಮುರಿಯುವ ಅಪಾಯಕರ ವರಸೆಗಳನ್ನು ಅವರು ನಿತ್ಯದ ಸೆಣಸಾಟದಿಂದ ಹೊರಗಿಟ್ಟು, ನಿಯತಕ್ರಮದ ಅಭ್ಯಾಸಕ್ಕೆ ಮೀಸಲಿರಿಸಿದರು. ನೋವಾಗದಂತೆ ಬೀಳುವುದನ್ನು ಮೊದಲ ಪಾಠವನ್ನಾಗಿ ಮಾಡಿದರು. ಗುಟ್ಟಿನ ವಿದ್ಯೆಯೆಂಬುದನ್ನು ಕೈಬಿಟ್ಟು ಕಾರಣವನ್ನು ವಿವರಿಸಿ ಕಲಿಸಿದರು. 1883ರಲ್ಲಿ ಇಬ್ಬರು ಶಿಷ್ಯರಿಗೆ ಮೊದಲ ದರ್ಜೆಯನ್ನಿತ್ತು, ವಿದ್ಯಾರ್ಥಿಯ ಪ್ರಗತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಗುರುತಿಸುವ ಪದ್ಧತಿಯನ್ನು ತಂದರು. ಇವೆಲ್ಲವೂ ಶಾಲೆಯ ಉಪಾಧ್ಯಾಯನಿಗೆ ಹೊಳೆಯುವ ಮಾತುಗಳು. ತನ್ನನ್ನು ಬಡಿದವರಿಗೆ ತಿರುಗಿ ಬಡಿಯಬೇಕೆಂದು ಹೊರಟ ಬಾಲಕನು, ಯಾರನ್ನೂ ಗಾಯಗೊಳಿಸದೆ ಕಲಿಸುವ ಬಗೆಯನ್ನು ಹುಡುಕುವವನಾಗಿ ಮಾರ್ಪಟ್ಟಿದ್ದನು.

ಇಕುಬೊ ಅವರು ಶಿಷ್ಯನ ಗರಡಿಗೆ ಬಂದು ಪಾಠ ಹೇಳುತ್ತಿದ್ದರು. ಐವತ್ತರ ಆ ಗುರುಗಳೆದುರು ಕಾನೊ ಅವರು ಸದಾ ಸೋಲುತ್ತಿದ್ದರು. 1885ರ ಸುಮಾರಿನಲ್ಲಿ ಒಂದು ದಿನ ಎಲ್ಲವೂ ತಿರುಗುಮುರುಗಾಯಿತು. ಗುರುಗಳು ಮತ್ತೆ ಮತ್ತೆ ಬಿದ್ದರು. ಒಮ್ಮೆಯೂ ಕೆಡಹಲಾರದೆ ಹೋದರು. ಎದುರಾಳಿಯ ಚಲನೆಯನ್ನು ನಿರೀಕ್ಷಿಸಿ, ಮೊದಲು ಅವನ ಸಮತೋಲವನ್ನು ಕೆಡಿಸಿ, ಆಮೇಲೆ ಪಟ್ಟು ಹಾಕಬೇಕೆಂಬ ಸೂತ್ರವನ್ನು ಶಿಷ್ಯನು ಕಂಡುಕೊಂಡಿದ್ದನು. ವಿವರಣೆಯನ್ನು ಕೇಳಿದ ಇಕುಬೊ ಅವರು ತಮ್ಮಲ್ಲಿ ಕಲಿಸಲು ಇನ್ನೇನೂ ಉಳಿದಿಲ್ಲವೆಂದು ಒಪ್ಪಿದರು. ಶಿಷ್ಯನಿಂದ ಸೋತು ಹಿಗ್ಗುವ ಗುರು ದೊರೆಯುವುದು ದೊಡ್ಡ ಭಾಗ್ಯ.

ಆ ದಶಕದಲ್ಲಿಯೇ ಪೊಲೀಸ್ ಇಲಾಖೆಯ ಆಶ್ರಯದಲ್ಲಿ ನಡೆದ ಪಂದ್ಯಗಳಲ್ಲಿ ಕೊಡೊಕಾನಿನ ಶಿಷ್ಯರು ಪ್ರಸಿದ್ಧ ಜುಜುತ್ಸು ಪಂಥದವರನ್ನು ಸೋಲಿಸಿದರು; ಹೊಸ ವಿದ್ಯೆಗೆ ಮನ್ನಣೆ ದೊರೆಯಿತು. ಶಿಷ್ಯರಲ್ಲೊಬ್ಬರಾದ ಯಮಾಶಿತಾ ಅವರು 1904ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರಿಗೇ ಜೂಡೊ ಕಲಿಸಿದರು.

ಇತ್ತ ಕಾನೊ ಅವರ ಅಧ್ಯಾಪನವೂ ಬೆಳೆಯುತ್ತಿತ್ತು. 1889ರಲ್ಲಿ ಯೂರೋಪಿಗೆ ತೆರಳಿ ಅಲ್ಲಿನ ವಿದ್ಯಾಭ್ಯಾಸ ಕ್ರಮವನ್ನು ನೋಡಿ ಬಂದರು. ಹಡಗಿನಲ್ಲಿ ಬಲಿಷ್ಠನಾದ ರಷ್ಯನ್ ಅಧಿಕಾರಿಯೊಬ್ಬನೊಡನೆ ಸೆಣಸಬೇಕಾಗಿ ಬಂದು, ಅವನನ್ನು ಕೆಡಹುವಾಗ ತಲೆಗೆ ಏಟಾಗದಂತೆ ತಮ್ಮ ಕೈಯನ್ನು ಆಸರೆಯಾಗಿತ್ತರೆಂಬ ವೃತ್ತಾಂತ ಪ್ರಸಿದ್ಧವಾಗಿದೆ. 1891ರಲ್ಲಿ ಕುಮಾಮೊಟೊದ ವಿದ್ಯಾಲಯಕ್ಕೆ ಪ್ರಾಂಶುಪಾಲರಾಗಿ ಹೋದರು. ಅಲ್ಲಿ ಇಂಗ್ಲಿಷ್ ಕಲಿಸಿದವರು ಖ್ಯಾತ ಲೇಖಕ ಲಾಫ್ಕಾಡಿಯೊ ಹರ್ನ್. 1893ರಿಂದ 1920ರವರೆಗೆ, ನಡುವಿನ ಕೆಲವು ವಿರಾಮಗಳನ್ನು ಬಿಟ್ಟರೆ, ಟೋಕಿಯೋದ ಉನ್ನತ ಶಿಕ್ಷಕರ ವಿದ್ಯಾಲಯದ ಮುಖ್ಯಸ್ಥರಾಗಿದ್ದರು. ಚೀನಾದಿಂದ ಬರುತ್ತಿದ್ದ ವಿದ್ಯಾರ್ಥಿಗಳಿಗಾಗಿ ಕೋಬುನ್ ಎಂಬ ಶಾಲೆಯನ್ನೂ ನಡೆಸಿದರು. ಮುಂದೆ ಚೀನೀ ಸಾಹಿತ್ಯದಲ್ಲಿ ಅಗ್ರಗಣ್ಯರಾದ ಲೂ ಷುನ್ ಅವರು 1902ರಲ್ಲಿ ಅಲ್ಲಿ ವಿದ್ಯಾರ್ಥಿಯಾಗಿದ್ದರು. ಸ್ತ್ರೀಯರಿಗೂ ಜೂಡೊ ಕಲಿಸಿದರು. 1926ರಲ್ಲಿ ಕೊಡೊಕಾನಿನಲ್ಲಿ ಮಹಿಳಾ ವಿಭಾಗವೇ ತೆರೆಯಿತು. 1922ರಲ್ಲಿ ಒಕಿನಾವಾದ ಉಪಾಧ್ಯಾಯ ಫುನಕೊಶಿ ಅವರು ಕರಾಟೆಯೊಡನೆ ಟೋಕಿಯೋಗೆ ಬಂದಾಗ, ಪ್ರತಿಸ್ಪರ್ಧಿಯೆಂದು ಎಣಿಸದೆ ಕೊಡೊಕಾನಿನಲ್ಲಿಯೇ ಪ್ರದರ್ಶನಕ್ಕೆ ಆಹ್ವಾನಿಸಿದರು. ಆ ವರ್ಷವೇ ತಮ್ಮ ಬಾಳಿನ ಎರಡು ತತ್ತ್ವಗಳನ್ನು ಪ್ರಕಟಿಸಿದರು: ಇರುವ ಶಕ್ತಿಯನ್ನು ಸತ್ಕಾರ್ಯಕ್ಕೆ ಪೂರ್ಣವಾಗಿ ಬಳಸುವುದು, ತಾನೂ ಪರರೂ ಕೂಡಿ ಏಳಿಗೆ ಹೊಂದುವುದು.

ಭಾರತಕ್ಕೂ ಈ ಪರಂಪರೆಯ ನಂಟುಂಟು. ರವೀಂದ್ರನಾಥ ಠಾಕೂರರು ಬಯಸಿದಂತೆ 1929ರಲ್ಲಿ ಕೊಡೊಕಾನಿನ ತಕಗಾಕಿ ಶಿಂಜೊ ಅವರು ಶಾಂತಿನಿಕೇತನಕ್ಕೆ ಬಂದು ಬಾಲಕರಿಗೂ ಬಾಲಕಿಯರಿಗೂ ಜೂಡೊ ಕಲಿಸಿದರು.

1909ರಲ್ಲಿ ಕಾನೊ ಅವರು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. ಏಷ್ಯಾದಿಂದ ಆ ಗೌರವಕ್ಕೆ ಪಾತ್ರರಾದವರಲ್ಲಿ ಅವರೇ ಮೊದಲಿಗರು. 1912ರಲ್ಲಿ ಇಬ್ಬರೇ ಓಟಗಾರರೊಡನೆ ಸ್ಟಾಕ್‌ಹೋಮಿಗೆ ತೆರಳಿದರು. ಅವರಲ್ಲೊಬ್ಬನಾದ ಕನಕುರಿ ಅವರದೇ ವಿದ್ಯಾಲಯದ ವಿದ್ಯಾರ್ಥಿ. ಮ್ಯಾರಥಾನ್ ಓಟದ ನಡುವೆ ಬಿಸಿಲಿಗೆ ಬಳಲಿ ನಿಂತುಬಿಟ್ಟನು. ಅದೇ ಕನಕುರಿಯವರು 1967ರಲ್ಲಿ, ವೃದ್ಧಾಪ್ಯದಲ್ಲಿ, ಸ್ವೀಡನ್ನಿನವರ ಆಹ್ವಾನದಂತೆ ಹೋಗಿ ಅಂದಿನ ಓಟವನ್ನು ಮುಗಿಸಿಬಂದರು.

ಆದರೆ ಕಾಲದ ಗತಿ ಆಚಾರ್ಯರ ತತ್ತ್ವಗಳಿಗೆ ಅನುಕೂಲವಾಗಿರಲಿಲ್ಲ. 1931ರಲ್ಲಿ ಮಾಧ್ಯಮಿಕ ಶಾಲೆಗಳಲ್ಲಿ ಜೂಡೊ ಕಡ್ಡಾಯವಾಯಿತು. ಅದೇ ವರ್ಷ ಜಪಾನಿನ ಸೇನೆ ಮಂಚೂರಿಯಾವನ್ನು ಹೊಕ್ಕಿತು. ಪರಸ್ಪರ ಏಳಿಗೆಗಾಗಿ ಹುಟ್ಟಿದ ವಿದ್ಯೆಯನ್ನು ಯುದ್ಧದ ಸಿದ್ಧತೆಯವರು ತಮ್ಮತ್ತ ಸೆಳೆದುಕೊಂಡರು. ಈ ಕಾರಣದಿಂದಲೇ 1945ರ ಸೋಲಿನ ಬಳಿಕ ವಿಜೇತರು ಶಾಲೆಗಳಲ್ಲಿ ಜೂಡೊವನ್ನು ನಿಷೇಧಿಸಿದರು. ಅದು ಶಾಲೆಗೆ ಮರಳಿದುದು 1950ರಲ್ಲಿ. ಇದನ್ನು ನೋಡಲು ಕಾನೊ ಅವರಿರಲಿಲ್ಲ.

1936ರಲ್ಲಿ ಅವರ ಪ್ರಯತ್ನದ ಫಲವಾಗಿ 1940ರ ಒಲಿಂಪಿಕ್ ಕ್ರೀಡೆಗಳು ಟೋಕಿಯೋಗೆ ದೊರೆತಿದ್ದವು. ಚೀನಾದೊಡನೆ ಯುದ್ಧ ಆರಂಭವಾದಾಗ ಆ ನಿರ್ಣಯ ಅಲುಗಾಡತೊಡಗಿತು. ಎಪ್ಪತ್ತೇಳರ ವೃದ್ಧರು 1938ರ ಮಾರ್ಚ್‌ನಲ್ಲಿ ಕೈರೋ ನಗರದ ಸಭೆಗೆ ಹೋಗಿ ಅದನ್ನು ಉಳಿಸಿಕೊಂಡರು. ಅಮೆರಿಕದ ಮಾರ್ಗವಾಗಿ ಹಿಕಾವಾ ಮರು ಎಂಬ ಹಡಗಿನಲ್ಲಿ ಹಿಂತಿರುಗುತ್ತಿದ್ದಾಗ ನ್ಯುಮೋನಿಯಾ ತಗುಲಿ, ಯೊಕೊಹಾಮಾ ಬಂದರು ಇನ್ನೆರಡು ದಿನಗಳ ದೂರದಲ್ಲಿರುವಾಗ, ಮೇ 4ರಂದು ಕೊನೆಯುಸಿರೆಳೆದರು. ಜುಲೈ ತಿಂಗಳಿನಲ್ಲಿ ಜಪಾನ್ ಸರ್ಕಾರವೇ ಆ ಕ್ರೀಡೆಗಳನ್ನು ಬಿಟ್ಟುಕೊಟ್ಟಿತು. ಟೋಕಿಯೋದಲ್ಲಿ ಒಲಿಂಪಿಕ್ ಜ್ಯೋತಿ ಬೆಳಗಿದುದು 1964ರಲ್ಲಿ. ಜೂಡೊ ಮೊದಲ ಬಾರಿಗೆ ಆ ಕ್ರೀಡೆಗಳಲ್ಲಿ ಸೇರಿದುದೂ ಅಂದೇ. ತೂಕದ ಕಟ್ಟಿಲ್ಲದ ವಿಭಾಗದಲ್ಲಿ ಗೆದ್ದವರು ಹಾಲೆಂಡಿನ ಆಂಟನ್ ಗೀಸಿಂಕ್. ಹಿಕಾವಾ ಮರು ಹಡಗು ಇಂದಿಗೂ ಯೊಕೊಹಾಮಾ ತೀರದಲ್ಲಿ ಲಂಗರು ಹಾಕಿ ನಿಂತಿದೆ.