ಹುಣಸೂರಿನ ಶಾಸಕ ದೇವರಾಜ ಅರಸು

ನಮ್ಮ ಶಾಲೆ ಆರಂಭವಾದ ದಿನಗಳಲ್ಲಿ ಈ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಡಿ. ದೇವರಾಜ ಅರಸು. ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವಿಧಾನಸೌಧದಿಂದ ಶುರು ಮಾಡುತ್ತಾರೆ. ಆದರೆ ನಮ್ಮ ಸೀಮೆಯವರಿಗೆ ಅವರು ಮೊದಲು ಹುಣಸೂರಿನ ಎಂ.ಎಲ್.ಎ., ಆಮೇಲೆ ಮುಖ್ಯಮಂತ್ರಿ. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಗುರುಗಳು ಕೇಳಿದಾಗ ಆ ಕಡೆಯಿಂದಲೇ ಬರೆಯೋಣವೆನಿಸಿತು.

ಅರಸರು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಊರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಸೂಪಶಾಸ್ತ್ರವೆಂಬ ಅಡುಗೆಯ ಕಾವ್ಯ ಬರೆದ ಮೂರನೆಯ ಮಂಗರಸ ಇದೇ ಕಲ್ಲಹಳ್ಳಿಯವನು ಎಂಬುದು ನಮ್ಮ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಅರಸು ಮನೆತನಗಳಿಗೆ ಮೈಸೂರು ರಾಜವಂಶದ ನಂಟು ಇತ್ತು. ಆದರೆ ನಂಟಸ್ತಿಕೆ ಇದ್ದವರೆಲ್ಲ ಸಿರಿವಂತರಾಗಿರಲಿಲ್ಲ. ದೇವರಾಜ ಅರಸು ಮೈಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಮುಗಿಸಿ, ನೌಕರಿ ಹುಡುಕದೆ ಊರಿಗೆ ಬಂದು ಬೇಸಾಯಕ್ಕೆ ನಿಂತರು. ಅವರ ತಮ್ಮ ಕೆಂಪರಾಜ ಅರಸು ಸಿನಿಮಾ ಕಡೆಗೆ ಹೋಗಿ ನಟರೂ ನಿರ್ದೇಶಕರೂ ಆದರು.

1941ರಲ್ಲಿ ದೇವರಾಜ ಅರಸು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಶುರುವಾದ ಸಭೆ ಅದು. ಅದಕ್ಕೆ ಎಲ್ಲರೂ ಮತ ಹಾಕುವಂತಿರಲಿಲ್ಲ; ಕಂದಾಯ ಕಟ್ಟುವವರಿಗೆ, ಓದಿದವರಿಗೆ ಮಾತ್ರ ಆ ಹಕ್ಕು. ಹೊಲದಲ್ಲಿ ಕೂಲಿ ಮಾಡುವವನಿಗೆ ಚುನಾವಣೆ ಎಂಬುದು ಗೌಡರ ಮನೆಯ ಜಗುಲಿಯ ವಿಷಯ. ಹತ್ತು ವರ್ಷ ಕಳೆದು ಸಂವಿಧಾನ ಬಂದ ಮೇಲೆ 1952ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ನಡೆಯಿತು. ಕೂಲಿಯವನೂ ಅವನ ಹೆಂಡತಿಯೂ ಮತಗಟ್ಟೆಗೆ ಬಂದರು. ಆ ಚುನಾವಣೆಯಲ್ಲಿ ಹುಣಸೂರಿನಿಂದ ಗೆದ್ದವರೂ ಅರಸರೇ. ಎರಡು ಬಗೆಯ ಮತದಾರರನ್ನೂ ಕಂಡವರಾದ್ದರಿಂದ, ಯಾರ ಮತ ಇನ್ನೂ ಯಾರ ಕೈಯಲ್ಲಿದೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತೆಂದು ನನ್ನ ಊಹೆ.

1957ರಲ್ಲಿ ಮತ್ತೆ ಗೆದ್ದರು. 1962ರಲ್ಲಿ ಅವಿರೋಧ ಆಯ್ಕೆ. 1967ರಲ್ಲಿ ಮತ್ತೊಂದು ಗೆಲುವು. ಅರಸು ಸಮುದಾಯದ ಜನಸಂಖ್ಯೆ ನಮ್ಮ ಭಾಗದಲ್ಲಿ ಎಷ್ಟು ಕಡಿಮೆಯೆಂಬುದು ಓದುಗರಿಗೆ ಗೊತ್ತೇ ಇದೆ. ಈಗ ಟಿಕೆಟ್ ಕೊಡುವ ಮೊದಲು ಪ್ರತಿ ಪಕ್ಷವೂ ಜಾತಿವಾರು ಮತದ ಲೆಕ್ಕ ಹಾಕುತ್ತದೆ. ಆ ಲೆಕ್ಕದ ಪ್ರಕಾರ ದೇವರಾಜ ಅರಸರಿಗೆ ಹುಣಸೂರಿನಲ್ಲಿ ಇಂದು ಟಿಕೆಟ್ಟೇ ಸಿಗುತ್ತಿರಲಿಲ್ಲ.

ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಅವರು ಮಂತ್ರಿಯಾಗಿದ್ದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪ, ವೀರೇಂದ್ರ ಪಾಟೀಲ ಮೊದಲಾದ ದೊಡ್ಡವರೆಲ್ಲ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ಅರಸು ಇಂದಿರಾ ಗಾಂಧಿಯವರ ಕಡೆಗೆ ಹೋದರು. ರಾಜ್ಯದಲ್ಲಿ ಸರ್ಕಾರ, ಹಣ, ಜಾತಿಬಲ ಎಲ್ಲವೂ ಆ ಕಡೆ ಇದ್ದಾಗ ಈ ಕಡೆ ಬಂದದ್ದು ಸಣ್ಣ ಧೈರ್ಯವಲ್ಲ. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳನ್ನೂ ಇಂದಿರಾ ಕಾಂಗ್ರೆಸ್ ಗೆದ್ದಿತು. 1972ರ ವಿಧಾನಸಭೆಯಲ್ಲಿ 216ಕ್ಕೆ 165. ಆ ಚುನಾವಣೆಗೆ ಅರಸು ಸ್ವತಃ ನಿಲ್ಲಲಿಲ್ಲ, ಪಕ್ಷವನ್ನು ನಡೆಸಿದರು. ಮಾರ್ಚ್ 20ರಂದು ಮುಖ್ಯಮಂತ್ರಿಯಾದ ಮೇಲೆ ಉಪಚುನಾವಣೆಯಲ್ಲಿ ಹುಣಸೂರಿನಿಂದಲೇ ಆಯ್ಕೆಯಾದರು. ಜೋಡೆತ್ತಿನ ಗುರುತಿಗೆ ಒತ್ತಿದ್ದ ನಮ್ಮ ಹಿರಿಯರು ಹಸು-ಕರುವಿಗೆ ಒತ್ತಿದರು. 1978ರಲ್ಲಿ ಅದೇ ಅಭ್ಯರ್ಥಿಗಾಗಿ ಹೊಸದಾಗಿ ಬಂದ ಕೈ ಗುರುತಿಗೆ ಒತ್ತಿದರು. ಗುರುತು ಮೂರು, ಆಸಾಮಿ ಒಬ್ಬರೇ.

ಮುಖ್ಯಮಂತ್ರಿಯಾಗಿ ಅವರು ಮಾಡಿದ್ದರಲ್ಲಿ ಎಲ್ಲರ ಬಾಯಲ್ಲಿರುವುದು ಭೂಸುಧಾರಣೆ. ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂದು, ಉಳುತ್ತಿದ್ದವನು ಫಾರಂ ನಂಬರ್ 7 ಹಾಕಿದರೆ ವಿಚಾರಣೆಯಾಗಿ ಅವನ ಹೆಸರಿಗೆ ಆಗಬೇಕು ಎಂಬುದು ಅದರ ತಿರುಳು. ವಿಚಾರಣೆಗೆ ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ. ಉಪವಿಭಾಗಾಧಿಕಾರಿ ಅದರ ಅಧ್ಯಕ್ಷರು, ಉಳಿದವರು ಸರ್ಕಾರ ನೇಮಿಸಿದ ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ವಕೀಲರಿಗೆ ಪ್ರವೇಶವಿರಲಿಲ್ಲ. ಕಾಯ್ದೆಯ ಜಾಣತನವೆಲ್ಲ ಇರುವುದು ಇಲ್ಲೇ ಎಂದು ನನಗನಿಸುತ್ತದೆ. ಕೋರ್ಟಿನಲ್ಲಾದರೆ ಗೇಣಿದಾರ ಮೊದಲ ವಾಯಿದೆಗೇ ಸೋಲುತ್ತಿದ್ದ. ಗೇಣಿ ಚೀಟಿ ಯಾರ ಹತ್ತಿರವಿತ್ತು? ಇಲ್ಲಿ ಊರವರ ಸಾಕ್ಷಿ ನಡೆಯಿತು.

ಒಂದು ಮಾತು ಮರೆಯಬಾರದು. ಈ ಕಾಯ್ದೆಯ ದೊಡ್ಡ ಲಾಭ ಸಿಕ್ಕಿದ್ದು ಗೇಣಿ ಪದ್ಧತಿ ಬಲವಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಕಡೆ. ನಮ್ಮ ಹಳೇ ಮೈಸೂರಿನಲ್ಲಿ ಸಣ್ಣ ಹಿಡುವಳಿಯ ಸ್ವಂತ ಬೇಸಾಯವೇ ಹೆಚ್ಚಾದ್ದರಿಂದ ಫಾರಂ 7ರ ಫಲ ಅಷ್ಟಾಗಿ ಇಳಿಯಲಿಲ್ಲ. ಅಂದರೆ ಅವರ ದೊಡ್ಡ ಕೆಲಸದ ಫಲ ಅವರಿಗೆ ಮತ ಹಾಕಿದ ಕ್ಷೇತ್ರಕ್ಕಿಂತ ದೂರದ ಕರಾವಳಿಗೆ ಹೆಚ್ಚಾಗಿ ಸಂದಿತು.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಬಡವರಿಗೆ ಹೆಚ್ಚು ತಟ್ಟಿದ್ದು ಬೇರೆ ಕಾನೂನುಗಳು. ಜೀತ ನಿಂತದ್ದು, ನಿವೇಶನವಿಲ್ಲದವರಿಗೆ ನಿವೇಶನ, ಜನತಾ ಮನೆ, ವೃದ್ಧಾಪ್ಯ ವೇತನ. 1976ರ ಋಣ ಪರಿಹಾರ ಕಾಯ್ದೆಯಿಂದ ಬಡವರ ಸಾಲ ರದ್ದಾಗಿ ಗಿರವಿ ಇಟ್ಟ ಒಡವೆ, ಪಾತ್ರೆ ವಾಪಸ್ಸು ಬರಬೇಕಾಯಿತು. ಆದರೆ ಹಳೆಯ ಸಾಲ ಹೋದ ಹಾಗೆಯೇ ಹೊಸ ಸಾಲ ಹುಟ್ಟುವುದೂ ಕಷ್ಟವಾಯಿತು. ಸೊಸೈಟಿ, ಬ್ಯಾಂಕು ಆಗ ಎಲ್ಲ ಹಳ್ಳಿಗೂ ತಲುಪಿರಲಿಲ್ಲ. ಇನ್ನೊಂದು 1978ರ ಕಾಯ್ದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ ಯಾರಾದರೂ ಕೊಂಡಿದ್ದರೆ ಅದನ್ನು ಬಿಡಿಸಿ ಮೂಲ ಮಂಜೂರಾತಿದಾರನಿಗೆ ಅಥವಾ ಅವನ ವಾರಸುದಾರರಿಗೆ ಕೊಡಬೇಕೆಂಬುದು. ಪಿ.ಟಿ.ಸಿ.ಎಲ್. ಕೇಸು ಎಂದರೆ ಇಂದಿಗೂ ಹುಣಸೂರಿನ ಎ.ಸಿ. ಕಚೇರಿಗೆ ಅಲೆದವರಿಗೆಲ್ಲ ಅರ್ಥವಾಗುತ್ತದೆ.

ಎಲ್.ಜಿ. ಹಾವನೂರರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ ನೇಮಕವಾದದ್ದು 1972ರಲ್ಲಿ. ವರದಿ ಬಂದದ್ದು 1975ರಲ್ಲಿ, ಮೀಸಲಾತಿ ಆದೇಶ 1977ರಲ್ಲಿ. ಏಕೀಕರಣದಿಂದ ಅಲ್ಲಿಯವರೆಗೆ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ ಎಲ್ಲರೂ ಒಂದೇ ಸಮುದಾಯದವರಾಗಿದ್ದರು. ಶಾಲೆ, ನೌಕರಿ, ಟಿಕೆಟ್ಟು ಮೂರರಲ್ಲೂ ಸಣ್ಣ ಜಾತಿಗಳಿಗೆ ಪಾಲು ಸಿಕ್ಕಿದ್ದು ಅರಸರ ನಂತರ. ತಾಲ್ಲೂಕು ಕಚೇರಿಯ ಮುಂದೆ ಸಾಲಿನಲ್ಲಿ ನಿಂತು ಪಡೆದ ಜಾತಿ ಪ್ರಮಾಣಪತ್ರವಿಲ್ಲದೆ ನನಗೆ ಬಿ.ಇ. ಸೀಟು ಸಿಗುವುದು ಕಷ್ಟವಿತ್ತು. ನಮ್ಮ ಶಾಲೆಯಿಂದ ಹೊರಗೆ ಹೋದ ಬಹಳ ಜನರದ್ದು ಇದೇ ಕಥೆ. ಇನ್ನೊಂದು ಸಂಗತಿ ನನ್ನ ಕಸುಬಿನದು. ಕಿಯೋನಿಕ್ಸ್ 1976ರಲ್ಲಿ ಆರಂಭವಾಗಿ, ಆರ್.ಕೆ. ಬಾಳಿಗರ ಕನಸಿನಂತೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಜಾಗ ಸಿದ್ಧವಾದದ್ದೂ ಅರಸರ ಆಳ್ವಿಕೆಯಲ್ಲೇ. ಅಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಇದು ತಿಳಿದಿರಲಿ.

ಹೊಗಳಿಕೆಯಷ್ಟೇ ಬರೆದರೆ ಅನ್ಯಾಯವಾಗುತ್ತದೆ. 1975ರಿಂದ 77ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ವಿರೋಧ ಪಕ್ಷದವರು ಜೈಲಿನಲ್ಲಿದ್ದಾಗ ರಾಜ್ಯದ ಅಧಿಕಾರದಲ್ಲಿದ್ದವರು ಇವರೇ. ಭ್ರಷ್ಟಾಚಾರದ ಆರೋಪಗಳೂ ಬಂದವು. ಕೇಂದ್ರ ಸರ್ಕಾರ 1977ರಲ್ಲಿ ನ್ಯಾಯಮೂರ್ತಿ ಗ್ರೋವರ್ ಆಯೋಗ ನೇಮಿಸಿತು, ಕೆಲವು ಆರೋಪಗಳು ಸಾಬೀತಾಗಿವೆ ಎಂದು ಅದು ಹೇಳಿತು. ಸಣ್ಣ ಜಾತಿಯ ನಾಯಕ ಹಣವಿಲ್ಲದೆ ಪಕ್ಷ ಕಟ್ಟಲಾರ ಎಂದು ಅದಕ್ಕೆ ಸಮಜಾಯಿಷಿ ಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಂದಿನ ಚುನಾವಣೆಯ ಖರ್ಚಿಗೂ ಅದೇ ಸಮಜಾಯಿಷಿಯನ್ನು ಕೊಡಲಾಗುತ್ತಿದೆ.

1977ರ ಡಿಸೆಂಬರ್ ಕೊನೆಯಲ್ಲಿ ಸರ್ಕಾರ ಹೋಗಿ ರಾಷ್ಟ್ರಪತಿ ಆಳ್ವಿಕೆ ಬಂತು. ಎರಡೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ 224ಕ್ಕೆ 149 ಗೆದ್ದು ಅರಸು ಮತ್ತೆ ಮುಖ್ಯಮಂತ್ರಿಯಾದರು. ದೇಶದ ಬಹುಭಾಗದಲ್ಲಿ ಇಂದಿರಾ ಸೋತು ಕೂತಿದ್ದ ಹೊತ್ತು ಅದು. ಕೃಷ್ಣರಾಜನಗರದಿಂದ ಎ.ಎಚ್. ವಿಶ್ವನಾಥ್ ಮೊದಲ ಸಲ ವಿಧಾನಸಭೆಗೆ ಹೋದದ್ದೂ ಅದೇ ಚುನಾವಣೆಯಲ್ಲಿ. ನಲವತ್ತು ವರ್ಷದ ನಂತರ, 2018ರಲ್ಲಿ, ಅವರು ಹುಣಸೂರಿನ ಶಾಸಕರೂ ಆದರು. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ನಿಂತು ಗೆದ್ದರು. ಆ ಗೆಲುವಿನ ಹಿಂದೆ ಅರಸರ ದುಡಿಮೆಯಿತ್ತು. ವರ್ಷ ತುಂಬುವ ಮೊದಲೇ ಇಬ್ಬರೂ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ 28ರಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು; ಅರಸರ ಕಾಂಗ್ರೆಸ್ಸಿಗೆ ಒಂದೂ ಇಲ್ಲ. ಶಾಸಕರು ರಾತ್ರೋರಾತ್ರಿ ಆ ಕಡೆ ಹೊರಟರು. ಗುಂಡೂರಾವ್ ಮುಖ್ಯಮಂತ್ರಿಯಾದರು.

ಅರಸು ಕೊನೆಗೆ ಕ್ರಾಂತಿರಂಗ ಕಟ್ಟಿದರು. 1982ರ ಜೂನ್ 6ರಂದು, 66ನೇ ವಯಸ್ಸಿನಲ್ಲಿ ತೀರಿಕೊಂಡರು. ಏಳು ತಿಂಗಳಲ್ಲಿ ಜನತಾ ಪಕ್ಷದ ಜೊತೆ ಕ್ರಾಂತಿರಂಗ ಸೇರಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು.

ಈಗ ನಮ್ಮ ನಾಲ್ಕು ಹಳೆಯ ತಾಲ್ಲೂಕಿಗೆ ಎ.ಸಿ. ಕಚೇರಿ ಒಂದೇ ಆದರೂ ಲೋಕಸಭಾ ಸದಸ್ಯರು ಮೂವರು: ಹುಣಸೂರು, ಪಿರಿಯಾಪಟ್ಟಣ ಮೈಸೂರಿಗೆ, ಕೃಷ್ಣರಾಜನಗರ ಮಂಡ್ಯಕ್ಕೆ, ಕೋಟೆ ಚಾಮರಾಜನಗರಕ್ಕೆ. ಹುಣಸೂರು ಒಂದೇ ಪಕ್ಷದ ಊರಾಗಿ ಉಳಿಯಲಿಲ್ಲ. ಕಾಂಗ್ರೆಸ್, ಜನತಾದಳ, ಬಿಜೆಪಿ ಎಲ್ಲರೂ ಇಲ್ಲಿ ಗೆದ್ದಿದ್ದಾರೆ. ಅರಸರ ಮಗಳು ಚಂದ್ರಪ್ರಭಾ ಅರಸು 1983ರಲ್ಲಿಯೂ 1989ರಲ್ಲಿಯೂ ಹುಣಸೂರಿನಿಂದ ಶಾಸಕಿಯಾದರು. 1991ರಲ್ಲಿ ಅವರು ಮೈಸೂರಿನಿಂದ ಲೋಕಸಭೆಗೆ ನಿಂತಾಗ ಎದುರಾಳಿ ಬಿಜೆಪಿಯ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. ಗೆದ್ದದ್ದು ಕಲ್ಲಹಳ್ಳಿಯ ಮನೆಯವರು.