ಜೇನುಪೆಟ್ಟಿಗೆಗೆ ಚಲಿಸುವ ಚೌಕಟ್ಟನ್ನು ನೀಡಿದ ಲ್ಯಾಂಗ್‌ಸ್ಟ್ರಾತ್

ಹವ್ಯಾಸಕ್ಕಾಗಿ ಅಥವಾ ಉಪಕಸುಬಾಗಿ ಜೇನು ಸಾಕಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಪೆಟ್ಟಿಗೆಯದು. ಹೊಸ ಮಾದರಿಯ ಪೆಟ್ಟಿಗೆಯೊಂದು ಮಾರುಕಟ್ಟೆಗೆ ಬಂದಾಗಲೆಲ್ಲ ಅದನ್ನು ಕೊಳ್ಳಬೇಕೇ, ಇರುವುದರಲ್ಲಿಯೇ ಮುಂದುವರಿಯಬೇಕೇ ಎಂಬ ಗೊಂದಲ ಸಹಜ. ಈ ಪ್ರಶ್ನೆಯನ್ನು ಸುಮಾರು 170 ವರ್ಷಗಳ ಹಿಂದೆ ಅಮೆರಿಕದ ಒಬ್ಬ ಪಾದ್ರಿ ಬಹಳ ಗಂಭೀರವಾಗಿ ಕೇಳಿಕೊಂಡರು. ಅವರು ಕಂಡುಕೊಂಡ ಉತ್ತರವೇ ಇಂದು ಜಗತ್ತಿನ ಬಹುಪಾಲು ಜೇನು ಕೃಷಿಗೆ ಆಧಾರವಾಗಿದೆ. ಅವರ ಹೆಸರು ಲೊರೆಂಜೊ ಲೊರೇನ್ ಲ್ಯಾಂಗ್‌ಸ್ಟ್ರಾತ್. ಅವರ ಬದುಕನ್ನು ಅರಿತರೆ, ಯಾವುದೇ ಹೊಸ ಪೆಟ್ಟಿಗೆಯನ್ನು ತೂಗಿ ನೋಡುವ ವಿವೇಕ ನಿಮಗೂ ದೊರೆಯುತ್ತದೆ.

ಬಾಲ್ಯ ಮತ್ತು ಮೊದಲ ಕುಟುಂಬಗಳು

ಲ್ಯಾಂಗ್‌ಸ್ಟ್ರಾತ್ 1810ರ ಡಿಸೆಂಬರ್ 25ರಂದು ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿ ಇರುವೆಗಳ ಸಾಲನ್ನು ಮೊಣಕಾಲೂರಿ ನೋಡುತ್ತಾ ಕುಳಿತು ಷರಾಯಿ ಹರಿದುಕೊಳ್ಳುತ್ತಿದ್ದ ಹುಡುಗನಿಗೆ ಮನೆಯಲ್ಲಿ ಮೆಚ್ಚುಗೆಯೇನೂ ಸಿಗಲಿಲ್ಲ. 1831ರಲ್ಲಿ ಯೇಲ್ ಕಾಲೇಜಿನಿಂದ ಪದವಿ ಪಡೆದು, ಮುಂದೆ ಮಸಾಚುಸೆಟ್ಸ್ ರಾಜ್ಯದ ಆಂಡೋವರ್ ಎಂಬಲ್ಲಿ ಚರ್ಚಿನ ಪಾದ್ರಿಯಾದರು. 1836ರಲ್ಲಿ ಆನಾ ಟಕರ್ ಅವರನ್ನು ವಿವಾಹವಾದರು.

1838ರಲ್ಲಿ ಪರಿಚಿತರೊಬ್ಬರ ಮನೆಗೆ ಹೋದಾಗ, ಗಾಜಿನ ಗೋಳದೊಳಗೆ ಜೇನುನೊಣಗಳು ಕಟ್ಟಿದ ಎರಿಯನ್ನು ಕಂಡರು. ಅದರ ಸೊಬಗಿಗೆ ಮಾರುಹೋಗಿ ಮನೆಗೆ ಮರಳುವ ಮುನ್ನ ಎರಡು ಜೇನು ಕುಟುಂಬಗಳನ್ನು ಕೊಂಡರು. ಅವರು ಆಗ ವ್ಯಾಪಾರಕ್ಕಾಗಿ ಜೇನು ಸಾಕಿದವರಲ್ಲ, ನಿಮ್ಮಲ್ಲಿ ಅನೇಕರಂತೆ ಆಸಕ್ತಿಯಿಂದ ಆರಂಭಿಸಿದವರು.

ಲ್ಯಾಂಗ್‌ಸ್ಟ್ರಾತ್ ಅವರಿಗೆ ತೀವ್ರವಾದ ಖಿನ್ನತೆಯ ಕಾಯಿಲೆಯಿತ್ತು. ಅದು ಮರುಕಳಿಸಿದಾಗ ತಿಂಗಳುಗಟ್ಟಲೆ ಓದು, ಬರಹ, ಉಪದೇಶ ಯಾವುದೂ ಸಾಧ್ಯವಾಗುತ್ತಿರಲಿಲ್ಲ. ಈ ಕಾರಣದಿಂದ ಪಾದ್ರಿಯ ಹುದ್ದೆಯನ್ನೂ ಬಿಡಬೇಕಾಯಿತು. 1848ರಲ್ಲಿ ಫಿಲಡೆಲ್ಫಿಯಾಕ್ಕೆ ಹಿಂದಿರುಗಿ ಹೆಣ್ಣುಮಕ್ಕಳ ಶಾಲೆಯೊಂದನ್ನು ನಡೆಸತೊಡಗಿದರು. ಬಯಲಿನಲ್ಲಿ ಜೇನುಗಳ ನಡುವೆ ಕಳೆಯುವ ಹೊತ್ತು ಅವರಿಗೆ ಔಷಧಿಯಂತಿತ್ತು.

ಆ ಕಾಲದ ಪೆಟ್ಟಿಗೆಗಳ ಸಮಸ್ಯೆ

ಅಂದಿನ ಅಮೆರಿಕದಲ್ಲಿ ಹೆಚ್ಚಿನವರು ಸಾದಾ ಮರದ ಪೆಟ್ಟಿಗೆ, ಟೊಳ್ಳು ದಿಮ್ಮಿ ಅಥವಾ ಹುಲ್ಲಿನ ಬುಟ್ಟಿಗಳಲ್ಲಿ ಜೇನು ಸಾಕುತ್ತಿದ್ದರು. ನೊಣಗಳು ಎರಿಯನ್ನು ಗೋಡೆಗೇ ಅಂಟಿಸಿ ಕಟ್ಟುತ್ತಿದ್ದುದರಿಂದ, ಕತ್ತರಿಸದೆ ಒಂದು ಎರಿಯನ್ನೂ ಹೊರತೆಗೆಯಲು ಆಗುತ್ತಿರಲಿಲ್ಲ. ರಾಣಿ ಇದೆಯೇ, ಮೊಟ್ಟೆ ಇಡುತ್ತಿದೆಯೇ, ಮರಿಗಳು ಆರೋಗ್ಯವಾಗಿವೆಯೇ ಎಂದು ನೋಡುವ ದಾರಿಯಿರಲಿಲ್ಲ. ಎಷ್ಟೋ ಬಾರಿ ಜೇನು ಪಡೆಯಲು ಕುಟುಂಬವನ್ನೇ ಗಂಧಕದ ಹೊಗೆಯಿಂದ ಕೊಲ್ಲುತ್ತಿದ್ದರು.

ಈ ತೊಂದರೆಯನ್ನು ನೀಗಿಸಲು ಯೂರೋಪಿನಲ್ಲಿ ಹಲವರು ಶ್ರಮಿಸಿದ್ದರು. ಜಿನೀವಾದ ಅಂಧ ವಿಜ್ಞಾನಿ ಫ್ರಾನ್ಸ್ವಾ ಹ್ಯೂಬರ್ 18ನೆಯ ಶತಮಾನದ ಕೊನೆಯಲ್ಲಿ, ಪುಸ್ತಕದ ಹಾಳೆಗಳಂತೆ ತೆರೆಯುವ ಗೂಡನ್ನು ರೂಪಿಸಿದ್ದರು. ಅದು ವೀಕ್ಷಣೆಗೆ ಉತ್ತಮವಾಗಿತ್ತು, ದಿನನಿತ್ಯದ ಸಾಕಣೆಗೆ ಒಗ್ಗಲಿಲ್ಲ. ಸೈಲೀಸಿಯಾದ ಪಾದ್ರಿ ಯೋಹಾನ್ ಜಿಯೆರ್ಜೋನ್ ಮೇಲ್ಪಟ್ಟಿಗಳಿಂದ ಎರಿಗಳನ್ನು ತೂಗುಬಿಡುವ ಪೆಟ್ಟಿಗೆ ಮಾಡಿದರು. ಅದರಲ್ಲಿಯೂ ಎರಿಯ ಅಂಚು ಗೋಡೆಗೆ ಅಂಟುತ್ತಿತ್ತು, ಪ್ರತಿ ಬಾರಿ ಚಾಕುವಿನಿಂದ ಬಿಡಿಸಬೇಕಾಗುತ್ತಿತ್ತು. ಚೌಕಟ್ಟು ಎಂಬ ಕಲ್ಪನೆ ಹೊಸದಾಗಿರಲಿಲ್ಲ. ಅಂಟದ ಚೌಕಟ್ಟು ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ.

1851ರ ಅರಿವು

1851ರ ಬೇಸಿಗೆಯಲ್ಲಿ ಲ್ಯಾಂಗ್‌ಸ್ಟ್ರಾತ್ ತಮ್ಮ ಪೆಟ್ಟಿಗೆಗಳ ಮುಚ್ಚಳ ಮತ್ತು ಮೇಲ್ಪಟ್ಟಿಗಳ ನಡುವೆ ಅಂಗುಲದ ಎಂಟರಲ್ಲಿ ಮೂರು ಭಾಗದಷ್ಟು, ಅಂದರೆ ಸುಮಾರು 9.5 ಮಿಲಿಮೀಟರ್ ಅಂತರ ಬಿಟ್ಟರು. ಆ ಅಂತರವನ್ನು ನೊಣಗಳು ಅಂಟಿನಿಂದ ಮುಚ್ಚಲೂ ಇಲ್ಲ, ಅಲ್ಲಿ ಎರಿ ಕಟ್ಟಲೂ ಇಲ್ಲ. ಓಡಾಡುವ ದಾರಿಯಾಗಿ ತೆರೆದಿಟ್ಟವು. ಮುಚ್ಚಳ ಸಲೀಸಾಗಿ ಮೇಲೇಳತೊಡಗಿತು.

ಆ ವರ್ಷದ ಅಕ್ಟೋಬರ್ 30ರಂದು ಇದೇ ಅಂತರವನ್ನು ಚೌಕಟ್ಟಿನ ಪಕ್ಕಗಳಿಗೂ ಪೆಟ್ಟಿಗೆಯ ಗೋಡೆಗಳಿಗೂ ನಡುವೆ ಬಿಟ್ಟರೆ ಏನಾದೀತು ಎಂಬ ವಿಚಾರ ಅವರಿಗೆ ಹೊಳೆಯಿತು. ಸುತ್ತಲೂ ದಾರಿಯಿದ್ದರೆ ಚೌಕಟ್ಟು ಎಲ್ಲಿಯೂ ಅಂಟುವುದಿಲ್ಲ. ಎರಿಯನ್ನು ಕತ್ತರಿಸದೆ, ನೊಣಗಳನ್ನು ಕೆರಳಿಸದೆ ಎತ್ತಬಹುದು, ಮತ್ತೆ ಇಡಬಹುದು. ಇದನ್ನೇ ಇಂದು ಜೇನಂತರ ಎನ್ನುತ್ತೇವೆ. ಸುಮಾರು 6ರಿಂದ 9.5 ಮಿಲಿಮೀಟರ್ ಅಂತರವನ್ನು ನೊಣಗಳು ದಾರಿಯಾಗಿ ಉಳಿಸಿಕೊಳ್ಳುತ್ತವೆ. ಅದಕ್ಕಿಂತ ಕಿರಿದಾದರೆ ಅಂಟಿನಿಂದ ಮುಚ್ಚುತ್ತವೆ, ಅಗಲವಾದರೆ ಅಡ್ಡ ಎರಿ ಕಟ್ಟುತ್ತವೆ.

ಫಿಲಡೆಲ್ಫಿಯಾದ ಹೆನ್ರಿ ಬೋರ್ಕಿನ್ ಎಂಬ ಬಡಗಿ, ಸ್ವತಃ ಜೇನು ಸಾಕಣೆದಾರರು, ಈ ಪೆಟ್ಟಿಗೆಗಳನ್ನು ತಯಾರಿಸಿಕೊಟ್ಟರು. 1852ರ ಅಕ್ಟೋಬರ್ 5ರಂದು ಲ್ಯಾಂಗ್‌ಸ್ಟ್ರಾತ್ ಅವರಿಗೆ ಪೇಟೆಂಟ್ ದೊರೆಯಿತು. 1853ರಲ್ಲಿ ಅವರ ದಿ ಹೈವ್ ಅಂಡ್ ದಿ ಹನಿ ಬೀ ಗ್ರಂಥ ಪ್ರಕಟವಾಯಿತು. ಅದರ ಹಸ್ತಪ್ರತಿ ಸಿದ್ಧವಾಗುವಲ್ಲಿ ಪತ್ನಿ ಆನಾ ಅವರ ಶ್ರಮ ದೊಡ್ಡದು.

ಆ ಗ್ರಂಥದ ಒಂದು ಗುಣವನ್ನು ವಿಸ್ತರಣಾ ಕಾರ್ಯಕರ್ತರು ವಿಶೇಷವಾಗಿ ಗಮನಿಸಬೇಕು. ಮೇಣದ ಪತಂಗ ಒಳಹೊಗದ ಪೆಟ್ಟಿಗೆ ತಮ್ಮದೆಂದು ಅಂದಿನ ಅನೇಕ ಮಾರಾಟಗಾರರು ಸಾರುತ್ತಿದ್ದರು. ಲ್ಯಾಂಗ್‌ಸ್ಟ್ರಾತ್ ತಾವೂ ಪೆಟ್ಟಿಗೆ ಮಾರುವವರಾಗಿದ್ದರೂ ಅಂಥ ಭರವಸೆ ನೀಡಲಿಲ್ಲ. ಪತಂಗವನ್ನು ತಡೆಯುವುದು ಮರದ ಹಲಗೆಯಲ್ಲ, ರಾಣಿಯುಳ್ಳ ಬಲಿಷ್ಠ ಕುಟುಂಬ ಎಂದು ತಿಳಿಸಿದರು. ಉತ್ತಮ ಪೆಟ್ಟಿಗೆಯಲ್ಲಿ ಇರಬೇಕಾದ ಗುಣಗಳ ಉದ್ದನೆಯ ಪಟ್ಟಿಯನ್ನೇ ಕೊಟ್ಟು, ಓದುಗರು ಅದನ್ನು ಹಿಡಿದು ಪರೀಕ್ಷಿಸಲು ಅನುವು ಮಾಡಿದರು.

ಲಾಭ ಕಾಣದ ಶೋಧಕ

ಈ ಪೆಟ್ಟಿಗೆ ಜನಪ್ರಿಯವಾಯಿತು, ಶೋಧಕರ ಕೈಗೆ ಮಾತ್ರ ಹಣ ಬರಲಿಲ್ಲ. ಮರದ ಕೆಲಸ ಬಲ್ಲ ಯಾರಾದರೂ ಇದನ್ನು ಅನುಕರಿಸಬಹುದಾಗಿತ್ತು. ಅನೇಕರು ಅನುಮತಿಯಿಲ್ಲದೆ ತಯಾರಿಸಿ ಮಾರಿದರು. ಚೌಕಟ್ಟು ಯೂರೋಪಿನಲ್ಲಿ ಮೊದಲೇ ಇತ್ತೆಂದು ವಾದಿಸಿ ಪೇಟೆಂಟನ್ನೇ ಪ್ರಶ್ನಿಸಿದರು. ವರ್ಷಗಟ್ಟಲೆ ನಡೆದ ವ್ಯಾಜ್ಯಗಳು ಅವರ ಹಣವನ್ನೂ ಆರೋಗ್ಯವನ್ನೂ ಕರಗಿಸಿದವು.

1858ರಲ್ಲಿ ಲ್ಯಾಂಗ್‌ಸ್ಟ್ರಾತ್ ಒಹಾಯೊ ರಾಜ್ಯದ ಆಕ್ಸ್‌ಫರ್ಡ್‌ಗೆ ಬಂದು ನೆಲೆಸಿದರು. ಮನೆಯ ಸುತ್ತ ಜೇನಿಗೆ ಮಕರಂದ ಒದಗಿಸುವ ಗಿಡಮರಗಳನ್ನು ಬೆಳೆಸಿದರು. ಮಗ ಜೇಮ್ಸ್ ಜೊತೆಗೂಡಿ ಇಟಲಿ ತಳಿಯ ರಾಣಿಗಳನ್ನು ತರಿಸಿ, ಅಭಿವೃದ್ಧಿಪಡಿಸಿ ಮಾರಿದರು. 1870ರಲ್ಲಿ ಆ ಮಗ ತೀರಿಕೊಂಡರು, 1873ರಲ್ಲಿ ಆನಾ ಅಗಲಿದರು. ಖಿನ್ನತೆ ಬಿಡದೆ ಕಾಡಿದಾಗ ಗ್ರಂಥದ ಪರಿಷ್ಕರಣೆಯನ್ನು ತಾವೇ ಮಾಡಲಾಗದೆ ಡೇಡಂಟ್ ತಂದೆ ಮತ್ತು ಮಗನಿಗೆ ಒಪ್ಪಿಸಿದರು. ಅದು 1889ರಲ್ಲಿ ಹೊರಬಂತು. 1895ರ ಅಕ್ಟೋಬರ್ 6ರಂದು ಡೇಟನ್ ನಗರದ ಚರ್ಚಿನಲ್ಲಿ ಉಪದೇಶ ನೀಡುತ್ತಿರುವಾಗಲೇ ಅವರು ಕೊನೆಯುಸಿರೆಳೆದರು.

ಅಷ್ಟರಲ್ಲಿ ಅವರ ಚೌಕಟ್ಟು ಇತರ ಶೋಧಗಳಿಗೂ ದಾರಿ ತೆರೆದಿತ್ತು. 1857ರಲ್ಲಿ ಜರ್ಮನಿಯ ಯೋಹಾನೆಸ್ ಮೆಹ್ರಿಂಗ್ ಮೇಣದ ಹಾಳೆಯನ್ನು ರೂಪಿಸಿದ್ದರು. 1865ರಲ್ಲಿ ಫ್ರಾನ್ಸ್ ಹ್ರುಷ್ಕಾ ಜೇನು ತೆಗೆಯುವ ಯಂತ್ರವನ್ನು ಪರಿಚಯಿಸಿದರು. ಹೊರತೆಗೆಯಬಹುದಾದ ಚೌಕಟ್ಟು ಸೇರಿದಾಗಲೇ ಇವೆರಡರ ಪೂರ್ಣ ಪ್ರಯೋಜನ ದೊರೆಯಿತು. ಎರಿಯನ್ನು ಹಿಂಡದೆ ಜೇನು ತೆಗೆದು, ಖಾಲಿ ಎರಿಯನ್ನು ನೊಣಗಳಿಗೆ ಮರಳಿಸುವುದು ಸಾಧ್ಯವಾಯಿತು.

ನಮ್ಮ ನಾಡಿನ ಪೆಟ್ಟಿಗೆಗೂ ಇದೇ ಬೇರು

ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆ ಯೂರೋಪಿನ ಮೆಲಿಫೆರಾ ಜೇನಿಗೆ ಹೊಂದುವಂಥದ್ದು. ನಮ್ಮ ತುಡುವೆ ಜೇನು ಗಾತ್ರದಲ್ಲಿ ಚಿಕ್ಕದು, ಕುಟುಂಬವೂ ಚಿಕ್ಕದು. ಆದ್ದರಿಂದ 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ಇದೇ ತತ್ತ್ವವನ್ನು ಇಟ್ಟುಕೊಂಡು ಅಳತೆಯನ್ನು ಕಿರಿದಾಗಿಸಿದರು. ಕೊಡಗು ಮತ್ತು ಕರಾವಳಿಯ ತೋಟಗಳಲ್ಲಿ ನೀವು ಕಾಣುವ ನ್ಯೂಟನ್ ಪೆಟ್ಟಿಗೆ ಹೀಗೆ ಹುಟ್ಟಿದ್ದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ದೊಡ್ಡ ಪ್ರಮಾಣದಲ್ಲಿ ನಾಶಮಾಡಿತು. ಇಂಥ ರೋಗವನ್ನು ಮರಿಯ ಹಂತದಲ್ಲಿಯೇ ಗುರುತಿಸಬೇಕಾದರೆ ಎರಿಯನ್ನು ಎತ್ತಿ ನೋಡಲೇಬೇಕು.

ಹೊಸ ಪೆಟ್ಟಿಗೆಯನ್ನು ಕೊಳ್ಳುವ ಮುನ್ನ

ಲ್ಯಾಂಗ್‌ಸ್ಟ್ರಾತ್ ಅವರ ದಾರಿಯಲ್ಲಿ ನಡೆದು ನೀವು ಈ ಅಂಶಗಳನ್ನು ಪರಿಶೀಲಿಸಿ.

1. ಪ್ರತಿಯೊಂದು ಎರಿಯನ್ನೂ ಕತ್ತರಿಸದೆ ಎತ್ತಿ ನೋಡಿ ಮರಳಿ ಇಡಬಹುದೇ? ಆಗದಿದ್ದರೆ ರಾಣಿ, ಮರಿ, ರೋಗ ಯಾವುದನ್ನೂ ಸರಿಯಾಗಿ ತಿಳಿಯಲಾರಿರಿ.

2. ಚೌಕಟ್ಟಿನ ಪಕ್ಕ, ಮೇಲೆ ಮತ್ತು ಕೆಳಗೆ ಜೇನಂತರ ಸಮನಾಗಿದೆಯೇ? ಅಳತೆಪಟ್ಟಿ ಹಿಡಿದು ನೋಡಿ. ಹಸಿ ಮರದಿಂದ ಮಾಡಿದ ಪೆಟ್ಟಿಗೆ ಒಣಗಿದಾಗ ಅಂತರ ಕೆಡುತ್ತದೆ.

3. ಅದು ಯಾವ ಜೇನಿಗಾಗಿ ರೂಪಿಸಿದ್ದು? ಮೆಲಿಫೆರಾದ ಅಳತೆಯ ಮೇಣದ ಹಾಳೆ, ಸಿದ್ಧ ಎರಿ ಅಥವಾ ನಲ್ಲಿ ತಿರುಗಿಸಿ ಜೇನು ಇಳಿಸುವ ವ್ಯವಸ್ಥೆಗಳು ತುಡುವೆಗೆ ಹೊಂದುವುದಿಲ್ಲ.

4. ನಿಮ್ಮಲ್ಲಿರುವ ಅಥವಾ ನೆರೆಯವರ ಪೆಟ್ಟಿಗೆಯ ಚೌಕಟ್ಟು ಇದರಲ್ಲಿ ಕೂರುವುದೇ? ಕೂರದಿದ್ದರೆ ಕುಟುಂಬ ವಿಭಜನೆಗೆ, ದುರ್ಬಲ ಕುಟುಂಬಕ್ಕೆ ಮರಿ ಎರಿ ಕೊಡುವುದಕ್ಕೆ ತೊಡಕಾಗುತ್ತದೆ.

5. ರೋಗ, ಪತಂಗ ಅಥವಾ ಹಾರಿಹೋಗುವಿಕೆ ಇರುವುದಿಲ್ಲವೆಂದು ಮಾರುವವರು ಹೇಳಿದರೆ ಅನುಮಾನಿಸಿ. ಅವುಗಳನ್ನು ತಡೆಯುವುದು ಪೆಟ್ಟಿಗೆಯ ಬೆಲೆಯಲ್ಲ, ನಿಮ್ಮ ನಿಗಾ.

ಇಷ್ಟಾದ ಮೇಲೂ ಹೊಸ ಮಾದರಿ ಸರಿಯೆನಿಸಿದರೆ ಒಂದು ಅಥವಾ ಎರಡು ಪೆಟ್ಟಿಗೆಗಳನ್ನಷ್ಟೇ ಕೊಂಡು, ಹಳೆಯ ಪೆಟ್ಟಿಗೆಗಳ ಪಕ್ಕದಲ್ಲಿಟ್ಟು, ಹೂಬಿಡುವ ಕಾಲ ಮತ್ತು ಮಳೆಗಾಲ ಎರಡನ್ನೂ ಒಳಗೊಂಡ ಒಂದು ಪೂರ್ಣ ವರ್ಷ ಹೋಲಿಸಿ ನೋಡಿ. ಕುಟುಂಬದ ಬಲ, ಜೇನಿನ ತೂಕ ಮತ್ತು ತಗುಲಿದ ಖರ್ಚನ್ನು ಪುಸ್ತಕದಲ್ಲಿ ಬರೆದಿಡಿ. ಹೆಚ್ಚಿನ ಮಾಹಿತಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.