ವಂದನೀಯ ಬ್ಲ್ಯಾಟರ್ ಸ್ವಾಮಿಗಳು ಕಾದಿರಿಸಿದ ಒಣಗಿಡಗಳು

ನಮ್ಮ ದೇವಾಲಯದ ನೂರು ವರುಷಗಳ ಚರಿತ್ರೆಯನ್ನು ಬರೆಯಲು ಹೊರಟ ಸಮಿತಿಯವರು ಹಳೆಯ ಜ್ಞಾನಸ್ನಾನದ ಪುಸ್ತಕಗಳನ್ನು ಗುರುನಿವಾಸದ ಬೀರುವಿನಿಂದ ಹೊರತೆಗೆದಾಗ, ಮೊದಲನೆಯ ಪುಸ್ತಕದ ಅಂಚನ್ನೆಲ್ಲ ಹುಳು ತಿಂದಿತ್ತು. ಹೆಸರುಗಳು ಉಳಿದಿದ್ದವು; ಅನೇಕ ಕಡೆ ಊರೂ ದಿನಾಂಕವೂ ಹೋಗಿದ್ದವು. ಊರು, ದಿನಾಂಕಗಳಿಲ್ಲದ ಬರಿಯ ಹೆಸರಿನಿಂದ ಯಾರ ಮನೆತನವನ್ನು ಗುರುತಿಸಲಾದೀತು? ಆ ಹೊತ್ತಿನಲ್ಲಿ ನನಗೆ ನೆನಪಾದವರು ಯೇಸುಸಭೆಯ ವಂದನೀಯ ಎಥೆಲ್ಬರ್ಟ್ ಬ್ಲ್ಯಾಟರ್ ಸ್ವಾಮಿಗಳು. ಸಸ್ಯಶಾಸ್ತ್ರಜ್ಞರಾಗಿದ್ದ ಗುರುವೊಬ್ಬರ ಬಾಳನ್ನು ಈ ಸ್ಮರಣ ಸಂಚಿಕೆಯಲ್ಲಿ ಹೇಳುವುದು ಅನುಚಿತವಾಗದೆಂದು ಭಾವಿಸುತ್ತೇನೆ.

ಬ್ಲ್ಯಾಟರ್ ಅವರು 1877ರ ಡಿಸೆಂಬರ್ 15ರಂದು ಸ್ವಿಟ್ಜರ್ಲೆಂಡಿನ ರೆಬ್‌ಸ್ಟೈನ್ ಎಂಬ ಊರಿನಲ್ಲಿ ಜನಿಸಿದರು. 1896ರಲ್ಲಿ ಯೇಸುಸಭೆಯನ್ನು ಸೇರಿ, 1903ರಲ್ಲಿ ಮುಂಬಯಿಗೆ ಬಂದರು. ಅಂದು ಮುಂಬಯಿಯ ಧರ್ಮಕಾರ್ಯವು ಜರ್ಮನ್ ಪ್ರಾಂತ್ಯದ ಯೇಸುಸಭೆಯವರ ಕೈಯಲ್ಲಿತ್ತು. ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸತೊಡಗಿದ ಈ ತರುಣರಿಗೆ ಇನ್ನೂ ಗುರುದೀಕ್ಷೆಯೂ ಆಗಿರಲಿಲ್ಲ. ವಿದ್ಯಾರ್ಥಿಗಳಿಗೆ ಗಿಡವನ್ನು ಪುಸ್ತಕದಿಂದ ಕಲಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲವೆಂದು ಕಾಣುತ್ತದೆ. 1906ರಲ್ಲಿ, ತಮಗೆ ಮೂವತ್ತು ತುಂಬುವ ಮೊದಲೇ, ಕಾಲೇಜಿನಲ್ಲಿ ಸಸ್ಯಸಂಗ್ರಹಾಲಯವೊಂದನ್ನು ಆರಂಭಿಸಿದರು.

ಸಸ್ಯಸಂಗ್ರಹಾಲಯವೆಂದರೆ ತೋಟವಲ್ಲ; ಅಲ್ಲಿ ಹಸುರಾದುದು ಯಾವುದೂ ಇಲ್ಲ. ಹೂವು ಅಥವಾ ಕಾಯಿಯ ಸಹಿತವಾದ ಕೊಂಬೆಯನ್ನು ಕೊಯ್ದು, ಕಾಗದಗಳ ನಡುವೆ ಹರಡಿ, ಮರದ ಚೌಕಟ್ಟಿನಲ್ಲಿ ಬಿಗಿದು, ತೇವಗೊಂಡ ಕಾಗದವನ್ನು ಮತ್ತೆ ಮತ್ತೆ ಬದಲಿಸುತ್ತ ಒಣಗಿಸಬೇಕು. ಮಳೆಗಾಲದಲ್ಲಿ ಒಂದು ದಿನ ಅಲಕ್ಷ್ಯ ಮಾಡಿದರೂ ಬೂಷ್ಟು ಹಿಡಿಯುತ್ತದೆ. ಒಣಗಿದ ಬಳಿಕ ದಪ್ಪ ಹಾಳೆಗೆ ಅಂಟಿಸಿ, ಬಲಮೂಲೆಯಲ್ಲಿ ಒಂದು ಚೀಟಿ ಹಚ್ಚುತ್ತಾರೆ. ಗಿಡ ದೊರೆತ ಊರು, ದಿನ, ನೆಲದ ಬಗೆ, ಹೂವಿನ ಬಣ್ಣ, ಕೊಯ್ದವರ ಹೆಸರು, ಅವರ ಕ್ರಮಸಂಖ್ಯೆ ಇವೆಲ್ಲ ಆ ಚೀಟಿಯಲ್ಲಿ. ಬಣ್ಣವು ಒಣಗುವಾಗ ಮಾಸಿಹೋಗುವುದರಿಂದ ಅದನ್ನು ಆಗಲೇ ಬರೆಯದಿದ್ದರೆ ಮುಂದೆ ತಿಳಿಯುವ ಬಗೆಯಿಲ್ಲ. ಚೀಟಿ ಕಳಚಿಹೋದ ಹಾಳೆಯು ಹೊಲದ ಒಣಹುಲ್ಲಿಗೆ ಸಮ. ಕೀಟಗಳಿಂದ ಕಾಪಾಡಲೆಂದು ಹಿಂದಿನವರು ಈ ಹಾಳೆಗಳಿಗೆ ಪಾದರಸದ ವಿಷಲವಣವನ್ನು ಲೇಪಿಸುತ್ತಿದ್ದರು. ಗಿಡ ಉಳಿಯಿತು, ಆದರೆ ಅದನ್ನು ಮುಟ್ಟುವವರು ಇಂದಿಗೂ ಎಚ್ಚರದಿಂದಿರಬೇಕಾಗಿದೆ.

1909ರಲ್ಲಿ ದೈವಶಾಸ್ತ್ರದ ಅಭ್ಯಾಸಕ್ಕಾಗಿ ಯುರೋಪಿಗೆ ತೆರಳಿದ ಬ್ಲ್ಯಾಟರ್ ಅವರು ಗುರುದೀಕ್ಷೆ ಪಡೆದು 1915ರಲ್ಲಿ ಮರಳಿದಾಗ ಮಹಾಯುದ್ಧ ನಡೆದಿತ್ತು. ಜರ್ಮನ್ ಗುರುಗಳನ್ನು ಆಂಗ್ಲ ಸರಕಾರವು ದೇಶದಿಂದ ಹೊರಗೆ ಕಳುಹಿಸುತ್ತಿದ್ದ ಕಾಲವದು. ಸ್ವಿಸ್ ಪ್ರಜೆಯಾದುದರಿಂದ ಇವರಿಗೆ ಇಲ್ಲಿ ಉಳಿಯಲು ಸಾಧ್ಯವಾಯಿತು. 1919ರಿಂದ 1924ರ ವರೆಗೆ ಕಾಲೇಜಿನ ಮುಖ್ಯಸ್ಥರಾಗಿ ಅದರ ಭಾರವನ್ನೂ ಹೊತ್ತರು. ಆ ನಡುವೆಯೇ ಹಾಲ್‌ಬರ್ಗ್ ಎಂಬವರೊಡನೆ ಜೋಧಪುರ, ಜೈಸಲ್ಮೇರ್‌ಗಳ ಮರುಭೂಮಿಯ ಸಸ್ಯಗಳನ್ನು ಕುರಿತು ಬರೆದರು. ಏಡನ್ ಮತ್ತು ಅರೇಬಿಯಾದ ಸಸ್ಯವರ್ಗಗಳನ್ನು ಕುರಿತು ಬರೆದರು. ಭಾರತ, ಸಿಂಹಳಗಳ ತಾಳೆಯ ಜಾತಿಗಳ ಮೇಲಿನ ಗ್ರಂಥವು 1926ರಲ್ಲಿ ಪ್ರಕಟವಾಯಿತು. ತೆಂಗು, ಅಡಿಕೆಗಳ ನೆರಳಿನಲ್ಲಿ ಬೆಳೆದ ನಮ್ಮವರಿಗೆ ಅದು ಪರಕೀಯವಾದ ಗ್ರಂಥವಲ್ಲ.

ಕನ್ನಡ ನಾಡಿಗೂ ಇವರಿಗೂ ಇದ್ದ ನಂಟು ಇದಕ್ಕಿಂತ ಹತ್ತಿರದ್ದು. ಅಂದಿನ ಮುಂಬಯಿ ಪ್ರಾಂತ್ಯದಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಸೇರಿದ್ದವು. ಆ ಪ್ರಾಂತ್ಯದ ಸಸ್ಯಗಳ ಗ್ರಂಥವನ್ನು ಕುಕ್ ಎಂಬ ವಿದ್ವಾಂಸರು 1908ರಲ್ಲಿ ಮುಗಿಸಿದ್ದರು. ಅದನ್ನು ಪರಿಷ್ಕರಿಸುವ ದೊಡ್ಡ ಕಾರ್ಯವನ್ನು ಬ್ಲ್ಯಾಟರ್ ಅವರು ಚಾರ್ಲ್ಸ್ ಮೆಕ್ಯಾನ್ ಅವರೊಡನೆ ಕೈಗೊಂಡರು. ಈ ಮೆಕ್ಯಾನ್ ಹುಟ್ಟಿದ್ದು ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಲ್ಲಿ. ಅದೇ ಜಿಲ್ಲೆಯ ಕಾಡುಗಳಲ್ಲಿ ಅರಣ್ಯಾಧಿಕಾರಿ ಬೆಲ್ ಮತ್ತು ಸರಕಾರಿ ಅಧಿಕಾರಿ ಸೆಡ್ಜ್‌ವಿಕ್ ಸಾವಿರಾರು ಗಿಡಗಳನ್ನು ಕೂಡಿಸಿದ್ದರು. ಸೆಡ್ಜ್‌ವಿಕ್ ಅವರ ಸಂಗ್ರಹವೂ ಸಂತ ಕ್ಸೇವಿಯರ್ ಕಾಲೇಜನ್ನೇ ಸೇರಿತು. ಉತ್ತರ ಕನ್ನಡದಲ್ಲಿ ದೊರೆತ, ಕಂದೀಲಿನಾಕಾರದ ಹೂ ಬಿಡುವ ಒಂದು ಸೆರೋಪೀಜಿಯಕ್ಕೆ ಸೆಡ್ಜ್‌ವಿಕ್ 1921ರಲ್ಲಿ ಫೆಂಟಾಸ್ಟಿಕಾ ಎಂದು ಹೆಸರಿಟ್ಟರು. ಇಂದು ಅದು ಅತಿ ವಿರಳವಾದ ಸಸ್ಯಗಳ ಸಾಲಿನಲ್ಲಿದೆ. ಕಾಡು ಕಡಿದು ಊರಾದ ಮೇಲೆ, ಅಲ್ಲಿ ಒಮ್ಮೆ ಏನು ಬೆಳೆದಿತ್ತೆಂಬುದಕ್ಕೆ ಇಂತಹ ಹಾಳೆಗಳೇ ಸಾಕ್ಷಿ.

ಬ್ಲ್ಯಾಟರ್ ಅವರ ಕೆಲಸದಲ್ಲಿ ದೋಷವೇ ಇರಲಿಲ್ಲವೆಂದು ನಾನು ಹೇಳಲಾರೆ. ಹೊಸ ಜಾತಿಯೆಂದು ಅವರು ಹೆಸರಿಟ್ಟ ಗಿಡಗಳಲ್ಲಿ ಅನೇಕವು ಮೊದಲೇ ತಿಳಿದಿದ್ದವೆಂದು ಮುಂದಿನ ವಿದ್ವಾಂಸರು ತೀರ್ಮಾನಿಸಿದ್ದಾರೆ. ಒಂದು ಬಾಳಿನಲ್ಲಿ ಇಷ್ಟೊಂದನ್ನು ಮಾಡಹೊರಟವರು ಕೆಲವೆಡೆ ಅವಸರಪಟ್ಟಿರಬಹುದು. ಆದರೆ ತಮ್ಮನ್ನು ತಿದ್ದಲು ಬೇಕಾದ ಸಾಧನವನ್ನೂ ಅವರೇ ಕಾದಿರಿಸಿಹೋದರು. ಹಾಳೆ ಉಳಿದಿದ್ದರಿಂದಲೇ ತಪ್ಪು ತಿಳಿದುಬಂತು. ಮಾತಿನಲ್ಲಿ ಮಾತ್ರ ವಾದಿಸುವ ನಮ್ಮಂತಹ ಬೋಧಕರಿಗೆ ಈ ಭಾಗ್ಯವಿಲ್ಲ!

ಕಡೆಯ ವರುಷಗಳಲ್ಲಿ ಅವರು ಪಂಚಗಣಿಯ ಬೆಟ್ಟದೂರಿನಲ್ಲಿ ನೆಲೆಸಿದರು. ಬರವಣಿಗೆ ಮಾತ್ರ ನಿಲ್ಲಲಿಲ್ಲ. 1934ರ ಮೇ 26ರಂದು, ತಮ್ಮ 56ನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಮುಂಬಯಿಯ ಹುಲ್ಲುಗಳನ್ನು ಕುರಿತ ಗ್ರಂಥವು 1935ರಲ್ಲಿಯೂ, ಮಿಲ್ಲರ್ಡ್ ಅವರೊಡನೆ ಬರೆದ ಸುಂದರ ಭಾರತೀಯ ವೃಕ್ಷಗಳ ಪುಸ್ತಕವು 1937ರಲ್ಲಿಯೂ ಹೊರಬಂದವು. 1941ರಲ್ಲಿ ಸಂಗ್ರಹಾಲಯಕ್ಕೆ ಅವರ ಹೆಸರನ್ನೇ ಇಟ್ಟರು.

ಮುಂದೆ ಅದನ್ನು ಬೆಳೆಸಿದವರು ಸ್ಪೇನಿನಿಂದ ಬಂದ ಯೇಸುಸಭೆಯ ವಂದನೀಯ ಸಾಂತಪಾವ್ ಸ್ವಾಮಿಗಳು. ಅವರು ಭಾರತೀಯ ಸಸ್ಯ ಸರ್ವೇಕ್ಷಣ ಇಲಾಖೆಯ ನಿರ್ದೇಶಕರೂ ಆದರು. ನಮ್ಮ ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿ ಅದೇ ಸಭೆಯ ವಂದನೀಯ ಸೆಸಿಲ್ ಸಲ್ಡಾನ್ಹಾ ಸ್ವಾಮಿಗಳು ಹಾಸನ ಜಿಲ್ಲೆಯನ್ನು ಸುತ್ತಿ ಕೂಡಿಸಿದ ಗಿಡಗಳಿಂದ 1976ರ ಮಹಾಗ್ರಂಥ ಮೂಡಿತು. ಆ ಹಾಳೆಗಳು ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿವೆ. ಅಲ್ಲಿಯವರು ಕರ್ನಾಟಕದ ಸಸ್ಯಗಳ ಚಿತ್ರಗಳನ್ನು ಗಣಕಯಂತ್ರದ ಮೂಲಕ ಎಲ್ಲರಿಗೂ ದೊರೆಯುವಂತೆ ಮಾಡಿದ್ದಾರೆ. ಸಸ್ಯ ಸರ್ವೇಕ್ಷಣ ಇಲಾಖೆಯೂ 2022ರಲ್ಲಿ ಇಂತಹುದೇ ಭಂಡಾರವನ್ನು ತೆರೆಯಿತು. ಹಾಳೆಯ ಬದಿಯಲ್ಲಿ ಅಳತೆಪಟ್ಟಿಯನ್ನೂ ಬಣ್ಣದ ಪಟ್ಟಿಯನ್ನೂ ಇಟ್ಟು ಚಿತ್ರ ತೆಗೆದು, ಚೀಟಿಯ ಬರಹವನ್ನು ಅಕ್ಷರಶಃ ನಕಲಿಸುತ್ತಾರೆ. ದೂರದೇಶದ ವಿದ್ವಾಂಸನಿಗೆ ಮೂಲಹಾಳೆಯನ್ನು ಅಂಚೆಯಲ್ಲಿ ಕಳುಹಿಸುವ ಅಪಾಯ ಹೀಗೆ ತಪ್ಪುತ್ತದೆ.

ಇದರ ಬೆಲೆ ತಿಳಿದದ್ದು ಬರ್ಲಿನ್ನಿನಲ್ಲಿ. 1943ರ ಮಾರ್ಚ್ ಆರಂಭದ ಒಂದು ರಾತ್ರಿ ಬಾಂಬುದಾಳಿಗೆ ಸಿಲುಕಿ ಅಲ್ಲಿಯ ಸಸ್ಯಸಂಗ್ರಹದ ಬಹುಪಾಲು ಸುಟ್ಟುಹೋಯಿತು. ಅಮೆರಿಕದ ಮೆಕ್‌ಬ್ರೈಡ್ ಎಂಬವರು 1929ರಿಂದ ಅಲ್ಲಿ ತೆಗೆದಿದ್ದ ಛಾಯಾಚಿತ್ರಗಳು ಮಾತ್ರ ಅನೇಕ ಗಿಡಗಳ ಗುರುತಾಗಿ ಉಳಿದವು. ಆದರೆ ಛಾಯಾಚಿತ್ರದ ಹೂವನ್ನು ನೀರಿನಲ್ಲಿ ನೆನೆಸಿ, ಬಿಡಿಸಿ, ಕೇಸರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಲಾಗುವುದಿಲ್ಲ.

ನಮ್ಮ ತರುಣರು ಕಳೆದ ತಪಸ್ಸುಕಾಲದಲ್ಲಿ ಜ್ಞಾನಸ್ನಾನದ ಮೊದಲನೆಯ ಪುಸ್ತಕದ ಪುಟಪುಟವನ್ನೂ ಚಿತ್ರ ತೆಗೆದು ಮುಗಿಸಿದರು. ಇನ್ನು ಈ ಹಳೆಯ ಕಟ್ಟು ಏಕೆ ಸ್ವಾಮಿ, ಎಂದು ಒಬ್ಬ ಹುಡುಗ ಕೇಳಿದ. ನಾನು ಅದನ್ನು ಬಟ್ಟೆಯಲ್ಲಿ ಸುತ್ತಿಸಿ, ನುಸಿಗುಳಿಗೆ ಹಾಕಿಸಿ, ಮತ್ತೆ ಬೀರುವಿನಲ್ಲಿಯೇ ಇಡಿಸಿದ್ದೇನೆ.